ಅಲ್ಝೈಮರ್: ಮಿದುಳಿನ ಕೊಂಡಿಗಳು ಕಳಚುವಾಗ

1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ 51 ವರ್ಷದ ಔಗುಸ್ಟೆ ಡೆಟರ್ ಎಂಬ ಮಹಿಳೆ ದಾಖಲಾದರು. ಮರುದಿನ ಅವರನ್ನು ಪರೀಕ್ಷಿಸಿದ ವೈದ್ಯ ಅಲೋಯಿಸ್ ಅಲ್ಝೈಮರ್, ತಾವು ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ಒಂದೊಂದಾಗಿ ಬರೆದಿಟ್ಟರು. ಕಳೆದೇ ಹೋಗಿದೆ ಎಂದುಕೊಂಡಿದ್ದ ಆ ಕಡತ 1995ರಲ್ಲಿ ಅದೇ ಊರಿನಲ್ಲಿ ಸಿಕ್ಕಿತು. ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದ್ದು, ತಟ್ಟೆಯಲ್ಲಿ ಹೂಕೋಸು ಮತ್ತು ಹಂದಿಮಾಂಸ ಇದ್ದರೂ ಪಾಲಕ್ ಸೊಪ್ಪು ತಿನ್ನುತ್ತಿದ್ದೇನೆ ಎಂದದ್ದು, ಇವನ್ನು ಈ ಕಾಯಿಲೆಯ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ಅದೇ ಕಡತದಲ್ಲಿ ಇನ್ನೊಂದು ಸಣ್ಣ ಟಿಪ್ಪಣಿ ಇದೆ. ‘ಶ್ರೀಮತಿ ಔಗುಸ್ಟೆ ಡಿ.’ ಎಂದು ಬರೆಯಲು ಆಕೆಗೆ ಹೇಳಲಾಯಿತು. ಆಕೆ ‘ಶ್ರೀಮತಿ’ ಎಂದು ಬರೆದರು. ಅಷ್ಟರಲ್ಲಿ ಮುಂದಿನದು ಮರೆತುಹೋಗಿತ್ತು. ಉಳಿದ ಪದಗಳನ್ನು ಮತ್ತೆ ಹೇಳಿಕೊಡಬೇಕಾಯಿತು.

ನನಗೆ ಆ ಟಿಪ್ಪಣಿಯೇ ಹೆಚ್ಚು ಮುಖ್ಯವೆನಿಸುತ್ತದೆ. ಆಕೆಗೆ ಅಕ್ಷರ ಮರೆತಿರಲಿಲ್ಲ. ಔಗುಸ್ಟೆ ಎಂಬ ತನ್ನ ಮೊದಲ ಹೆಸರೂ ಮರೆತಿರಲಿಲ್ಲ. ಕೇಳಿದಾಗ ಸರಿಯಾಗಿಯೇ ಹೇಳಿದ್ದರು. ಕಿವಿ ಕೇಳುತ್ತಿತ್ತು, ಕೈ ಆಡುತ್ತಿತ್ತು. ಮೊದಲ ಪದ ಬರೆದು ಮುಗಿಸುವಷ್ಟು ಹೊತ್ತು ಮುಂದಿನ ಪದಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಮಾತ್ರ ಆಕೆಗೆ ಆಗಲಿಲ್ಲ. ಅಲ್ಝೈಮರ್ ಎಂದರೆ ನೆನಪು ಅಳಿಸಿಹೋಗುವ ಕಾಯಿಲೆ ಎಂದು ನಾವೆಲ್ಲ ತಿಳಿದಿದ್ದೇವೆ. ಮಕ್ಕಳ ಮುಖ, ಮನೆಯ ದಾರಿ, ಮದುವೆಯಾದ ವರ್ಷ ಮರೆಯುವುದನ್ನೇ ಅದರ ಗುರುತು ಎಂದುಕೊಂಡು ಕಾಯುತ್ತೇವೆ. ಅವು ಬರುವುದು ತಡವಾಗಿ. ಅದಕ್ಕೂ ಮುಂಚೆ, ಈ ಕ್ಷಣದ ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ಹಿಡಿದು ಒಂದಕ್ಕೊಂದು ಜೋಡಿಸುವ ಕೆಲಸ ಸೋಲತೊಡಗಿರುತ್ತದೆ. ಆ ಸೋಲಿನ ಬೇರು ಮಿದುಳಿನ ಯಾವುದೋ ಒಂದು ಮೂಲೆಯಲ್ಲಷ್ಟೇ ಇಲ್ಲ. ಭಾಗ ಭಾಗಗಳ ನಡುವಿನ ಸಂಪರ್ಕದಲ್ಲಿದೆ. ಇದನ್ನು ಅರ್ಥ ಮಾಡಿಕೊಂಡರೆ ಮನೆಯಲ್ಲಿರುವ ರೋಗಿಯ ಜೊತೆ ನಾವು ಮಾತಾಡುವ ರೀತಿಯೇ ಬದಲಾಗುತ್ತದೆ.

ಕ್ಷಣಕಾಲ ಹಿಡಿದಿಟ್ಟುಕೊಂಡು ಬಳಸುವ ಈ ನೆನಪಿಗೆ ವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಕನ್ನಡದಲ್ಲಿ ಕಾರ್ಯಸ್ಮೃತಿ ಎನ್ನೋಣ. ಫೋನಿನಲ್ಲಿ ಯಾರೋ ಹೇಳಿದ ನಂಬರನ್ನು ಪೆನ್ನು ಸಿಗುವವರೆಗೆ ಬಾಯಲ್ಲೇ ಹೇಳಿಕೊಳ್ಳುವುದು, ಅಂಗಡಿಯಲ್ಲಿ 340 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟು ಎಷ್ಟು ವಾಪಸ್ ಬರಬೇಕೆಂದು ಲೆಕ್ಕ ಹಾಕುವುದು, ಒಲೆಯ ಮೇಲಿನ ಹಾಲನ್ನು ಮರೆಯದೆ ಬಾಗಿಲಲ್ಲಿ ನಿಂತವರಿಗೆ ಉತ್ತರ ಕೊಡುವುದು, ಎಲ್ಲಕ್ಕೂ ಅದು ಬೇಕು. ಮಾತು ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೂ ಬೇಕು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಲ್ಲಿಯವರೆಗೆ ಯಾರು, ಯಾರಿಗೆ, ಎಲ್ಲಿ, ಯಾವಾಗ ಎಂಬುದನ್ನೆಲ್ಲ ಕೇಳುವವರ ಮನಸ್ಸು ಹಿಡಿದುಕೊಂಡೇ ಇರಬೇಕು. ಉದ್ದದ ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಜಾರಿಹೋದರೆ, ಪ್ರತಿ ಪದದ ಅರ್ಥ ಗೊತ್ತಿದ್ದೂ ಮಾತು ತಲೆಗೆ ಹತ್ತುವುದಿಲ್ಲ.

ಈ ಶಕ್ತಿಗೆ ಮಿತಿ ಬಹಳ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಸುಮಾರು ಏಳು ಸಂಗತಿಗಳ ಲೆಕ್ಕ ಕೊಟ್ಟರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಪರಿಶೀಲಿಸಿ, ಬಾಯಲ್ಲಿ ಹೇಳಿಕೊಳ್ಳುವ ಅನುಕೂಲವನ್ನು ತೆಗೆದರೆ ಉಳಿಯುವುದು ನಾಲ್ಕರ ಆಸುಪಾಸು ಎಂದರು. ಶತಾವಧಾನಿ ಆರ್. ಗಣೇಶ್ ಅವರಂಥವರು ಒಟ್ಟಿಗೆ ಹಲವರ ಪ್ರಶ್ನೆಗಳನ್ನು ನಿಭಾಯಿಸುವ ಅವಧಾನವನ್ನು ನೋಡಿದವರು ಬೆರಗಾಗುವುದೂ ಈ ಮಿತಿ ಎಲ್ಲರಿಗೂ ಅನುಭವಕ್ಕೆ ಬಂದಿರುವುದರಿಂದಲೇ. ದಶಕಗಳ ಅಭ್ಯಾಸ ಮತ್ತು ಕಾವ್ಯದ ಅಪಾರ ದಾಸ್ತಾನು ಅಲ್ಲಿ ನೆರವಿಗೆ ನಿಂತಿರುತ್ತವೆ. ನಮ್ಮ ನಿಮ್ಮಂಥವರಿಗೆ ಮೂರು ನಾಲ್ಕು ಸಂಗತಿಗಳಾದರೆ ಕೈ ತುಂಬಿತು.

ಇಂಗ್ಲೆಂಡಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದರ ಒಳರಚನೆಯನ್ನು ವಿವರಿಸಲು ಯತ್ನಿಸಿದರು. ಕೇಳಿದ ಮಾತನ್ನು ಒಳಗೇ ಮೆಲುಕು ಹಾಕುವ ಒಂದು ವ್ಯವಸ್ಥೆ, ಕಂಡದ್ದನ್ನು ಕಣ್ಣೆದುರು ಉಳಿಸಿಕೊಳ್ಳುವ ಇನ್ನೊಂದು, ಇವೆರಡಕ್ಕೂ ಗಮನವನ್ನು ಹಂಚಿಕೊಡುವ ಮೂರನೆಯದು. 2000ದಲ್ಲಿ ಬ್ಯಾಡ್ಲಿ ನಾಲ್ಕನೆಯದನ್ನೂ ಸೇರಿಸಿದರು: ಬೇರೆ ಬೇರೆ ಕಡೆಯಿಂದ ಬಂದ ದನಿ, ಬಣ್ಣ, ಆಕಾರ, ಅರ್ಥಗಳನ್ನು ಒಂದಾಗಿ ಬೆಸೆಯುವ ವ್ಯವಸ್ಥೆ. ಈ ಬೆಸುಗೆಯ ವಿಚಾರಕ್ಕೆ ಮುಂದೆ ಬರುತ್ತೇನೆ. ಈ ಬರಹದ ತಿರುಳು ಅಲ್ಲಿದೆ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಮರೆವು ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ನಷ್ಟಗಳನ್ನು ಸೇರಿಸಿಬಿಡುತ್ತೇವೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ 1953ರಲ್ಲಿ ಮೂರ್ಛೆರೋಗ ತಡೆಯಲೆಂದು ಶಸ್ತ್ರಚಿಕಿತ್ಸೆ ನಡೆಯಿತು. ಕಿವಿಗಳ ನೇರಕ್ಕೆ ಒಳಗೆ, ಮಿದುಳಿನ ಎರಡೂ ಪಕ್ಕದಲ್ಲಿರುವ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ಅದರ ಸುತ್ತಲಿನ ಅಂಗಾಂಶದ ಜೊತೆ ತೆಗೆದರು. ಆಮೇಲೆ ಅವರ ಬದುಕಿನಲ್ಲಿ ನಡೆದ ಹೆಚ್ಚುಕಡಿಮೆ ಯಾವ ಘಟನೆಯೂ ನೆನಪಾಗಿ ಉಳಿಯಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಪರೀಕ್ಷಿಸಿದಾಗ ಕಂಡದ್ದು ಹೀಗೆ: ಒಂದು ಸಂಖ್ಯೆಯನ್ನು ಕೊಟ್ಟರೆ, ಗಮನ ಬೇರೆಡೆಗೆ ಹೋಗದಿರುವವರೆಗೂ ಅವರು ಅದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಹೊಸ ನೆನಪು ಕಟ್ಟುವ ಶಕ್ತಿ ಹೋಗಿತ್ತು, ಕಾರ್ಯಸ್ಮೃತಿ ಉಳಿದಿತ್ತು. ಅಂದರೆ ಇವೆರಡೂ ಬೇರೆ. ಅಲ್ಝೈಮರ್ ಕಾಯಿಲೆಯ ಕ್ರೌರ್ಯವೆಂದರೆ ಅದು ಎರಡಕ್ಕೂ ಕೈ ಹಾಕುತ್ತದೆ. ನಿನ್ನೆಯದು ಉಳಿಯುವುದಿಲ್ಲ, ಇಂದಿನದು ಹಿಡಿತಕ್ಕೆ ಸಿಗುವುದಿಲ್ಲ.

ಹಾಗಾದರೆ ಕಾರ್ಯಸ್ಮೃತಿ ಮಿದುಳಿನ ಯಾವ ಜಾಗದಲ್ಲಿದೆ? 1971ರಲ್ಲಿ ಹ್ವಾಕಿನ್ ಫುಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಕೋತಿಗಳ ಹಣೆಯ ಹಿಂದಿನ ಮಿದುಳಿನಲ್ಲಿ ಒಂದು ವಿಶೇಷ ಕಂಡರು. ತಿಂಡಿ ಎಲ್ಲಿದೆ ಎಂದು ತೋರಿಸಿ, ಮರೆಮಾಡಿ, ಕೋತಿಯನ್ನು ಕಾಯಿಸಿದಾಗ, ಕಣ್ಣಿಗೆ ಏನೂ ಕಾಣದ ಆ ಹೊತ್ತಿನಲ್ಲೂ ಅಲ್ಲಿನ ಕೆಲವು ನರಕೋಶಗಳು ಸತತವಾಗಿ ಮಿಡಿಯುತ್ತಿದ್ದವು. ಅಂದಿನಿಂದ ಬಹುಕಾಲ ಕಾರ್ಯಸ್ಮೃತಿಯ ಮನೆ ಹಣೆಯ ಹಿಂದೆಯೇ ಎಂಬ ನಂಬಿಕೆಯಿತ್ತು. ಮನುಷ್ಯರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡುವ ವಿಧಾನಗಳು ಬಂದ ಮೇಲೆ ಚಿತ್ರ ದೊಡ್ಡದಾಯಿತು. ಮುಂಭಾಗ ಗಮನವನ್ನು ನಡೆಸುತ್ತದೆ. ನೆತ್ತಿಯ ಹಿಂಬದಿಯ ಭಾಗ ಯಾವುದು ಎಲ್ಲಿದೆ ಎಂಬುದನ್ನು ನೋಡಿಕೊಳ್ಳುತ್ತದೆ. ಬಣ್ಣ, ಆಕಾರ, ದನಿಗಳ ವಿವರ ಅವುಗಳನ್ನು ಗ್ರಹಿಸಿದ ಭಾಗಗಳಲ್ಲೇ ಇರುತ್ತದೆ. ಇವು ಒಂದೇ ಲಯದಲ್ಲಿ ಮಿಡಿದಾಗ ಒಂದು ಸಂಗತಿ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ಅನೇಕ ವಿಜ್ಞಾನಿಗಳ ವಾದ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದನ್ನೊಂದು ಮಾತಾಡಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ದೂರದ ಭಾಗಗಳನ್ನು ಜೋಡಿಸಲು ಉದ್ದುದ್ದ ನರತಂತುಗಳ ಕಂತೆಗಳಿವೆ. ಮಿದುಳಿನ ಒಳಗಿನ ಬಿಳಿಯ ಭಾಗ ಬಹುತೇಕ ಅವೇ. ಒಂದು ಕಡೆಯ ಮಿಡಿತ ಇನ್ನೊಂದು ಕಡೆಗೆ ಸರಿಯಾದ ಹೊತ್ತಿಗೆ ತಲುಪದಿದ್ದರೆ ಲಯ ತಪ್ಪುತ್ತದೆ. ಎರಡೂ ತುದಿಯ ನರಕೋಶಗಳು ಬದುಕಿದ್ದರೂ ಅವುಗಳ ನಡುವೆ ನಡೆಯಬೇಕಾದ ಕೆಲಸ ನಡೆಯುವುದಿಲ್ಲ.

ಈಗ ಕಾಯಿಲೆಯ ಕಡೆಗೆ ತಿರುಗೋಣ. ಔಗುಸ್ಟೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡ ಮೇಲೆ ಅಲ್ಝೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಯಾವುದೋ ವಸ್ತುವಿನ ಗಟ್ಟಿ, ಒಳಗೆ ಎಳೆಎಳೆಯಾದ ಸಿಕ್ಕು. ಅದೇ ವರ್ಷದ ನವೆಂಬರ್ 3ರಂದು ಟ್ಯುಬಿಂಗನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅದನ್ನು ಮಂಡಿಸಿದರು. ಹೊರಗಿನ ಗಟ್ಟಿ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ತಿಳಿದದ್ದು ಎಷ್ಟೋ ದಶಕಗಳ ನಂತರ. ಅಮಿಲಾಯ್ಡ್ ಸೇರತೊಡಗುವುದು ಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ. ಟೌ ಸಿಕ್ಕುಗಳ ಹೆಜ್ಜೆಗಳನ್ನು 1991ರಲ್ಲಿ ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ದಂಪತಿ ಗುರುತಿಸಿದರು: ಮಿದುಳಿನ ತೊಗಟೆಯಲ್ಲಿ ಅವು ಮೊದಲು ತೋರುವುದು ಹಿಪ್ಪೊಕ್ಯಾಂಪಸ್‌ನ ಹೊಸ್ತಿಲಿನಂತಿರುವ ಎಂಟೊರೈನಲ್ ಭಾಗದ ಅಂಚಿನಲ್ಲಿ. ಅಲ್ಲಿಂದ ಹಿಪ್ಪೊಕ್ಯಾಂಪಸ್‌ಗೆ, ಆಮೇಲೆ ತೊಗಟೆಯ ಉಳಿದ ಭಾಗಗಳಿಗೆ.

ಈ ಜಾಗದ ಮಹತ್ವ 1984ರಲ್ಲೇ ಗೊತ್ತಾಗಿತ್ತು. ಬ್ರ್ಯಾಡ್ಲಿ ಹೈಮನ್, ಗ್ಯಾರಿ ವ್ಯಾನ್ ಹೋಸೆನ್, ಆಂಟೋನಿಯೊ ಡಮಾಸಿಯೊ ಮತ್ತು ಸಂಗಡಿಗರು ರೋಗಿಗಳ ಮಿದುಳಿನಲ್ಲಿ ಕಂಡದ್ದು ಇದು: ಹಿಪ್ಪೊಕ್ಯಾಂಪಸ್‌ಗೆ ಸಂದೇಶ ಹೊತ್ತು ತರುವ ಕೋಶಪದರ ಮತ್ತು ಅಲ್ಲಿಂದ ಹೊರಗೆ ಕಳಿಸುವ ಕೋಶಗಳು ಆಯ್ದು ಆಯ್ದು ನಾಶವಾಗಿದ್ದವು. ಹಿಪ್ಪೊಕ್ಯಾಂಪಸ್ ಮಿದುಳಿನ ಉಳಿದ ಭಾಗದಿಂದ ಬೇರ್ಪಟ್ಟು ಒಂಟಿಯಾಗಿತ್ತು. ಅಲ್ಝೈಮರ್ ಒಂದು ಸಂಪರ್ಕ ಕಡಿತದ ಕಾಯಿಲೆ ಎಂಬ ವಿಚಾರಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಅಲ್ಲಿಂದ. 1991ರಲ್ಲಿ ರಾಬರ್ಟ್ ಟೆರ್ರಿ ತಂಡ ಇನ್ನೊಂದು ಮುಖ್ಯ ಪ್ರಶ್ನೆ ಕೇಳಿತು. ರೋಗಿಯ ಬುದ್ಧಿಶಕ್ತಿ ಎಷ್ಟು ಕುಸಿದಿತ್ತು ಎಂಬುದಕ್ಕೆ ಮಿದುಳಿನಲ್ಲಿ ಕಾಣುವ ಯಾವ ಹಾನಿ ಹೆಚ್ಚು ತಾಳೆಯಾಗುತ್ತದೆ? ಅಮಿಲಾಯ್ಡ್ ಗಟ್ಟಿಗಳ ಲೆಕ್ಕಕ್ಕಿಂತ, ಟೌ ಸಿಕ್ಕುಗಳ ಲೆಕ್ಕಕ್ಕಿಂತ, ಸಿನಾಪ್ಸ್‌ಗಳ ನಷ್ಟವೇ ಹೆಚ್ಚು ತಾಳೆಯಾಯಿತು. ಔಷಧಿಯ ಸುದ್ದಿಗಳಲ್ಲಿ ನಾವು ಕೇಳುವುದೆಲ್ಲ ಅಮಿಲಾಯ್ಡ್ ಬಗ್ಗೆ. ರೋಗಿಯ ದಿನನಿತ್ಯವನ್ನು ಕೆಡಿಸುವುದು ಕೊಂಡಿ ಕಳಚುವುದು ಎಂಬ ಈ ಹಳೆಯ ಪಾಠ ಹಿಂದೆ ಸರಿದುಬಿಟ್ಟಿದೆ. ಅದನ್ನು ಮತ್ತೆ ಮುಂದಕ್ಕೆ ತರಬೇಕು.

ಎಲ್ಲ ಕೊಂಡಿಗಳೂ ಒಂದೇ ತೂಕದವಲ್ಲ. ಸಣ್ಣ ಸ್ಟೇಷನ್ ಒಂದರಲ್ಲಿ ರೈಲು ನಿಲ್ಲದಿದ್ದರೆ ಆ ಊರಿನವರಿಗಷ್ಟೇ ತೊಂದರೆ. ಹುಬ್ಬಳ್ಳಿ ಜಂಕ್ಷನ್ ಕೆಟ್ಟರೆ ಅಲ್ಲಿಗೆ ಹೋಗದವರ ಪ್ರಯಾಣವೂ ನಿಲ್ಲುತ್ತದೆ. ಮಿದುಳಿನಲ್ಲೂ ಅನೇಕ ದಾರಿಗಳು ಕೂಡುವ ಜಾಗಗಳಿವೆ. ಅದರಲ್ಲಿ ಒಂದು ಗುಂಪನ್ನು 2001ರಲ್ಲಿ ಮಾರ್ಕಸ್ ರೈಕಲ್ ತಂಡ ವಿವರಿಸಿತು. ನಾವು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಕೂತು, ಕಳೆದದ್ದನ್ನು ನೆನೆಯುತ್ತ, ನಾಳೆಯದನ್ನು ಯೋಚಿಸುತ್ತ ಇರುವಾಗ ಚುರುಕಾಗುವ ಭಾಗಗಳಿವು. ಡಿಫಾಲ್ಟ್ ಮೋಡ್ ಜಾಲ ಎಂದು ಅದಕ್ಕೆ ಹೆಸರು. 2004ರಲ್ಲಿ ಮೈಕಲ್ ಗ್ರೈಸಿಯಸ್ ಮತ್ತು ಸಂಗಡಿಗರು ಅಲ್ಝೈಮರ್ ರೋಗಿಗಳಲ್ಲಿ ಈ ಜಾಲ ಸಡಿಲವಾಗಿರುವುದನ್ನು ತೋರಿಸಿದರು. ಮರುವರ್ಷ ರ್‍ಯಾಂಡಿ ಬಕ್ನರ್ ತಂಡ, ಅಮಿಲಾಯ್ಡ್ ಸೇರುವ ಜಾಗಗಳ ನಕ್ಷೆಯನ್ನು ಈ ಜಾಲದ ನಕ್ಷೆಯ ಮೇಲಿಟ್ಟಾಗ ಎರಡೂ ಬಹುಮಟ್ಟಿಗೆ ಹೊಂದಿದವು. ಹೆಚ್ಚು ದುಡಿಯುವ ನರಕೋಶಗಳು ಹೆಚ್ಚು ಅಮಿಲಾಯ್ಡ್ ಹೊರಸೂಸುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಕೆಟ್ಟ ಟೌ ಒಂದು ನರಕೋಶದಿಂದ ಅದಕ್ಕೆ ಜೋಡಿಕೊಂಡ ಮತ್ತೊಂದಕ್ಕೆ ದಾಟುತ್ತದೆ ಎಂಬುದೂ ಕಂಡಿದೆ. ಅಂದರೆ ಯಾವ ಸಂಪರ್ಕದಿಂದ ಮನಸ್ಸು ನಡೆಯುತ್ತದೋ ಅದೇ ಸಂಪರ್ಕದ ದಾರಿ ಹಿಡಿದು ಕಾಯಿಲೆಯೂ ನಡೆಯುತ್ತದೆ.

ಡಿಫಾಲ್ಟ್ ಮೋಡ್ ಜಾಲಕ್ಕೂ ಕಾರ್ಯಸ್ಮೃತಿಗೂ ನೇರ ನಂಟಿದೆ. ಲೆಕ್ಕ ಮಾಡುವಾಗ, ಯಾರದೋ ಮಾತನ್ನು ಗಮನವಿಟ್ಟು ಕೇಳುವಾಗ, ಈ ಒಳಯೋಚನೆಯ ಜಾಲ ತಣ್ಣಗಾಗಬೇಕು, ಹಣೆ ಮತ್ತು ನೆತ್ತಿಯ ನಡುವಿನ ಕೆಲಸದ ಜಾಲ ಚುರುಕಾಗಬೇಕು. ಅಲ್ಝೈಮರ್‌ನಲ್ಲಿ ಈ ಬದಲಾವಣೆ ಸಲೀಸಾಗಿ ನಡೆಯುವುದಿಲ್ಲ. ಜೊತೆಗೆ, ಮಿದುಳಿನ ತಳದಲ್ಲಿದ್ದು ತೊಗಟೆಗೆಲ್ಲ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒದಗಿಸುವ ನರಕೋಶಗಳ ಒಂದು ಗುಂಪು ಸಾಯುತ್ತ ಹೋಗುತ್ತದೆ. ಗಮನವನ್ನು ಒಂದು ಕಡೆ ನಿಲ್ಲಿಸಲು ಆ ರಾಸಾಯನಿಕ ಬೇಕು. ವೈದ್ಯರು ಬರೆದುಕೊಡುವ ಡೊನೆಪೆಝಿಲ್ ಮಾತ್ರೆ ಇರುವ ಅಷ್ಟಿಷ್ಟು ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುತ್ತದೆ. ಆದ್ದರಿಂದಲೇ ಅದರಿಂದ ಕೆಲವರಿಗೆ ಸ್ವಲ್ಪ ಚೇತರಿಕೆ, ಕಾಯಿಲೆಯ ಓಟಕ್ಕೆ ತಡೆಯಿಲ್ಲ.

ಸಂಪರ್ಕ ಸಡಿಲವಾದದ್ದು ರೋಗಿಯ ನಡವಳಿಕೆಯಲ್ಲಿ ಹೇಗೆ ಕಾಣುತ್ತದೆ? 1986ರಲ್ಲಿ ಬ್ಯಾಡ್ಲಿ, ಇಟಲಿಯ ಸೆರ್ಜಿಯೊ ಡೆಲ್ಲಾ ಸಾಲಾ, ಹಾನ್ಸ್ ಸ್ಪಿನ್ಲರ್ ಮತ್ತಿತರರು ಜಾಣ್ಮೆಯಿಂದ ಒಂದು ಪರೀಕ್ಷೆ ಹೂಡಿದರು. ಅಂಕಿಗಳ ಸಾಲನ್ನು ಕೇಳಿ ತಿರುಗಿ ಹೇಳುವುದು ಒಂದು ಕೆಲಸ, ಪರದೆಯ ಮೇಲೆ ಸರಿಯುವ ಗುರುತನ್ನು ಹಿಂಬಾಲಿಸುವುದು ಇನ್ನೊಂದು. ಪ್ರತಿಯೊಬ್ಬರ ಶಕ್ತಿ ನೋಡಿಕೊಂಡು, ಬಿಡಿಬಿಡಿಯಾಗಿ ಮಾಡುವಾಗ ರೋಗಿಗಳೂ ಆರೋಗ್ಯವಂತ ವೃದ್ಧರೂ ಸಮನಾಗುವಂತೆ ಮೊದಲೇ ಕಷ್ಟದ ಮಟ್ಟವನ್ನು ಹೊಂದಿಸಿದರು. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿಸಿದರು. ಆರೋಗ್ಯವಂತ ವೃದ್ಧರು ಹೆಚ್ಚು ಎಡವಲಿಲ್ಲ. ರೋಗಿಗಳ ಸಾಮರ್ಥ್ಯ ಮಾತ್ರ ತೀವ್ರವಾಗಿ ಇಳಿಯಿತು. ವಯಸ್ಸಾದ ಮಾತ್ರಕ್ಕೆ ಹಾಗಾಗುವುದಿಲ್ಲ ಎಂಬುದು ಇದರ ಸಾರ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಬಂದದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ. ಅಲ್ಲಿನ ಆಂಟಿಯೋಕಿಯ ಪ್ರಾಂತ್ಯದ ಬೆಟ್ಟದೂರುಗಳಲ್ಲಿ ನಲವತ್ತರ ಹರೆಯದಲ್ಲೇ ಬುದ್ಧಿ ಮಂಕಾಗುವ ಮನೆತನಗಳಿದ್ದವು. ಊರವರು ಅದಕ್ಕೆ ಲಾ ಬೊಬೇರ, ಪೆದ್ದುತನ, ಎನ್ನುತ್ತಿದ್ದರು. ಶಾಪವೆಂದೂ ನಂಬಿದ್ದರು. ಮೆಡೆಲಿನ್ ನಗರದ ನರವೈದ್ಯ ಫ್ರಾನ್ಸಿಸ್ಕೊ ಲೊಪೇರ 1980ರ ದಶಕದಿಂದ ಆ ಮನೆಗಳಿಗೆ ಹೋಗಿ ವಂಶವೃಕ್ಷ ಬರೆಯತೊಡಗಿದರು. ಸಾವಿರಾರು ಜನರ ವಿಸ್ತೃತ ಕುಟುಂಬ ಅದು. 14ನೇ ವರ್ಣತಂತುವಿನ ಪ್ರೆಸೆನಿಲಿನ್-1 ಎಂಬ ಜೀನಿನಲ್ಲಿ ಒಂದೇ ಒಂದು ಬದಲಾವಣೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಬಂದವರಲ್ಲಿ ಸರಾಸರಿ 44ನೇ ವಯಸ್ಸಿಗೆ ಸಣ್ಣ ತೊಡಕುಗಳು, 49ಕ್ಕೆ ಡಿಮೆನ್ಷಿಯಾ, ಅಂದರೆ ದಿನದ ಬದುಕನ್ನೇ ನಡೆಸಲಾಗದಷ್ಟು ಬುದ್ಧಿಶಕ್ತಿಯ ಕುಸಿತ. ಲೊಪೇರ 2024ರಲ್ಲಿ ತೀರಿಕೊಳ್ಳುವವರೆಗೂ ಆ ಕುಟುಂಬಗಳ ಜೊತೆಗಿದ್ದರು. ಅಷ್ಟು ಜನರ ನಂಬಿಕೆ ಗಳಿಸದೆ ಈ ವಿಜ್ಞಾನ ಹುಟ್ಟುತ್ತಲೇ ಇರಲಿಲ್ಲ. ಪ್ರಯೋಗಾಲಯದ ಸಾಧನೆಯನ್ನು ಹೊಗಳುವಾಗ ಆ ಮನೆಗಳವರನ್ನೂ ನೆನೆಯಬೇಕು.

ಈ ಕುಟುಂಬಗಳಿಂದ ಒಂದು ಅಪರೂಪದ ಅವಕಾಶ ದೊರೆಯಿತು. ಯಾರಿಗೆ ಕಾಯಿಲೆ ಬರಲಿದೆ ಎಂಬುದು ಜೀನ್ ಪರೀಕ್ಷೆಯಿಂದ ವರ್ಷಗಳ ಮುಂಚೆಯೇ ಸಂಶೋಧಕರಿಗೆ ತಿಳಿಯುತ್ತದೆ. ಹಾಗಾಗಿ ಇನ್ನೂ ಆರೋಗ್ಯವಾಗಿರುವವರಲ್ಲಿ ಏನು ಮೊದಲು ಕೆಡುತ್ತದೆ ಎಂದು ನೋಡಬಹುದು. ಮಾರಿಯೊ ಪಾರ ಎಂಬ ಸಂಶೋಧಕ ಡೆಲ್ಲಾ ಸಾಲಾ, ಲೊಪೇರ ಮೊದಲಾದವರ ಜೊತೆ ಸೇರಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ. ಪರದೆಯ ಮೇಲೆ ಕೆಲವು ಆಕಾರಗಳು ಮೂಡಿ ಮಾಯವಾಗುತ್ತವೆ. ಕ್ಷಣ ಬಿಟ್ಟು ಮತ್ತೆ ಮೂಡುತ್ತವೆ. ಮೊದಲಿನವೇ, ಬದಲಾಗಿವೆಯೇ ಎಂದು ಹೇಳಿದರಾಯಿತು. ಒಮ್ಮೆ ಬರಿಯ ಆಕಾರ, ಒಮ್ಮೆ ಬರಿಯ ಬಣ್ಣ, ಇನ್ನೊಮ್ಮೆ ಬಣ್ಣ ತುಂಬಿದ ಆಕಾರ. ಕೊನೆಯದರಲ್ಲಿ ಬದಲಾವಣೆಯೆಂದರೆ ಬಣ್ಣಗಳು ಅದಲುಬದಲಾಗಿರುತ್ತವೆ. ಅವೇ ಬಣ್ಣಗಳು, ಅವೇ ಆಕಾರಗಳು, ಯಾವ ಬಣ್ಣ ಯಾವ ಆಕಾರದ್ದು ಎಂಬುದಷ್ಟೇ ಬೇರೆ.

ಬದಲಾದ ಜೀನ್ ಹೊತ್ತಿದ್ದೂ ಯಾವ ಲಕ್ಷಣವೂ ಇಲ್ಲದವರು ಬಿಡಿ ಬಣ್ಣಗಳನ್ನೂ ಬಿಡಿ ಆಕಾರಗಳನ್ನೂ ಇತರರಷ್ಟೇ ಚೆನ್ನಾಗಿ ನೆನಪಿಟ್ಟರು. ಸ್ಮರಣೆಯ ಇತರ ಪರೀಕ್ಷೆಗಳಲ್ಲೂ ಅವರಲ್ಲಿ ಕೊರತೆ ಕಾಣಲಿಲ್ಲ. ಬಣ್ಣವನ್ನು ಆಕಾರಕ್ಕೆ ಬೆಸೆದು ಹಿಡಿದುಕೊಳ್ಳಬೇಕಾದಾಗ ಮಾತ್ರ ಹಿಂದೆ ಬಿದ್ದರು. ಕೊಂಡಿಯ ಕಾಯಿಲೆ ಕೊಂಡಿಯ ಕೆಲಸದಲ್ಲೇ ಮೊದಲು ಸಿಕ್ಕಿಬಿತ್ತು. ಇದೇ ತಂಡ ನಡೆಸಿದ ಇತರ ಅಧ್ಯಯನಗಳಲ್ಲಿ, ವಯಸ್ಸಾದ ಮಾತ್ರಕ್ಕೆ ಈ ಬೆಸೆಯುವ ಶಕ್ತಿ ಕುಗ್ಗುವುದು ಕಾಣಲಿಲ್ಲ. ಖಿನ್ನತೆಯಲ್ಲಿರುವ ವೃದ್ಧರಲ್ಲೂ ಕಾಣಲಿಲ್ಲ. ಖಿನ್ನತೆಯಿಂದಲೂ ಮರೆವು ಬರುವುದರಿಂದ, ಎರಡನ್ನೂ ಬೇರ್ಪಡಿಸುವುದು ವೈದ್ಯರಿಗೆ ಸುಲಭವಲ್ಲ. ಇಂಥ ಪರೀಕ್ಷೆಗೆ ಅಕ್ಷರ ಬೇಕಿಲ್ಲ, ಭಾಷೆಯ ಹಂಗೂ ಕಡಿಮೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರು ಲಕ್ಷಾಂತರ ಇರುವ ನಮ್ಮ ನಾಡಿಗೆ ಇದು ಸಣ್ಣ ಸಂಗತಿಯಲ್ಲ.

ಬೆಸುಗೆ ಸೋಲುವಾಗ ಮಿದುಳಿನೊಳಗೆ ಏನಾಗುತ್ತಿರುತ್ತದೆ ಎಂಬುದನ್ನೂ ಅದೇ ಕುಟುಂಬಗಳಲ್ಲಿ ಹುಡುಕಿದ್ದಾರೆ. ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ತಂತುಕಂತೆಯ ಮುಂಭಾಗ ಸವೆದಿರುವುದಕ್ಕೂ ರೋಗಿಗಳ ಈ ಸೋಲಿಗೂ ಸಂಬಂಧ ಕಂಡಿದೆ. ತಲೆಗೆ ತಂತಿ ಜೋಡಿಸಿ ಮಿದುಳಿನ ವಿದ್ಯುತ್ ಮಿಡಿತ ಅಳೆಯುವ ಇಇಜಿಯಲ್ಲಿ, ಪರೀಕ್ಷೆ ನಡೆಯುವ ಹೊತ್ತಿಗೆ ಭಾಗಗಳ ನಡುವಿನ ಮಾಹಿತಿ ವಿನಿಮಯ ಬೇರೆಯಾಗಿರುವುದು ತೋರಿದೆ. ಇಇಜಿ ಯಂತ್ರ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ, ಹಾಗಾಗಿ ಆಸೆ ಹುಟ್ಟುವುದು ಸಹಜ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಇವೆಲ್ಲ ಗುಂಪು ಗುಂಪುಗಳ ನಡುವಿನ ಸರಾಸರಿ ವ್ಯತ್ಯಾಸ. ಒಬ್ಬರ ಇಇಜಿ ನೋಡಿ ‘ನಿಮಗೆ ಹತ್ತು ವರ್ಷಕ್ಕೆ ಅಲ್ಝೈಮರ್ ಬರುತ್ತದೆ’ ಎಂದು ಹೇಳುವ ಮಟ್ಟಕ್ಕೆ ಯಾರೂ ಬಂದಿಲ್ಲ. ಹಾಗೆ ಹೇಳಿ ದುಡ್ಡು ಕೇಳುವವರು ಬಂದರೆ ದೂರವಿಡಿ. ಅಲ್ಲದೆ, ಕಾರ್ಯಸ್ಮೃತಿ ನಿದ್ದೆಗೆಟ್ಟರೂ ಕುಗ್ಗುತ್ತದೆ, ಆತಂಕಕ್ಕೂ ಕುಗ್ಗುತ್ತದೆ.

ಈಗ ನಮ್ಮ ದೇಶದ ವಿಚಾರ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ ಅದರ ಒಂದು ಬಗೆ) ಇರಬಹುದೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ಹೆಂಗಸರಲ್ಲಿ, ಹಳ್ಳಿಗರಲ್ಲಿ ಪ್ರಮಾಣ ಹೆಚ್ಚು. ನಾವು ಇದನ್ನು ಪಟ್ಟಣದ ಓದಿದವರ ಮನೆಯ ಕಾಯಿಲೆಯೆಂದು ಭಾವಿಸಿದ್ದೇವೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅವರ ಅಭಿನಯ ಅನೇಕ ಕನ್ನಡಿಗರಿಗೆ ಅಲ್ಝೈಮರ್ ಎಂಬ ಹೆಸರನ್ನು ಮನೆಮಾತಾಗಿಸಿತು. ಅದು ದೊಡ್ಡ ಉಪಕಾರ. ಆದರೆ ಹಳ್ಳಿಯ ಅಜ್ಜಿಯ ವಿಚಾರಕ್ಕೆ ಬಂದರೆ ‘ಅರವತ್ತಕ್ಕೆ ಅರಳುಮರಳು’ ಎಂಬಲ್ಲಿಗೇ ಮಾತು ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡಿರುವುದು ಈ ಕಾರಣಕ್ಕೇ ನನಗೆ ಭರವಸೆಯ ಕೆಲಸವೆನಿಸುತ್ತದೆ. ಐರೋಪ್ಯರ ಮಿದುಳಿನ ಲೆಕ್ಕದಿಂದ ನಮ್ಮ ರೈತರ ಮಿದುಳನ್ನು ಅಳೆಯುವ ಕಾಲ ಮುಗಿಯಬೇಕು.

ನಮ್ಮ ಬದುಕಿನ ರೀತಿಯಿಂದಲೇ ಬಂದ ಒಂದು ತಿಳಿವಳಿಕೆಯೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ವರದಿ ಮಾಡಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಒಂದು ಭಾಷೆಯನ್ನು ತಡೆಹಿಡಿದು ಇನ್ನೊಂದನ್ನು ಆಡುವುದು, ಎದುರಿನವರನ್ನು ನೋಡಿ ಬದಲಿಸುವುದು, ಇವು ಗಮನ ಹಂಚುವ ಜಾಲಕ್ಕೆ ಬದುಕಿಡೀ ಸಿಗುವ ವ್ಯಾಯಾಮ ಎಂಬುದು ಒಂದು ವಿವರಣೆ. ಆದರೆ ಬೇರೆ ದೇಶಗಳ ಕೆಲವು ಅಧ್ಯಯನಗಳು ಇದನ್ನು ಸಮರ್ಥಿಸಿಲ್ಲ. ಕಾಯಿಲೆಯನ್ನು ಇದು ತಡೆಯುತ್ತದೆ ಎಂದು ಆ ವರದಿಯೂ ಹೇಳಿಲ್ಲ.

ಈಗ ಮನೆಯ ವಿಚಾರ. ‘ಈಗ ತಾನೇ ಹೇಳಿದೆನಲ್ಲ!’ ಎಂಬ ಮಾತು ರೋಗಿಯಿರುವ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಬರುತ್ತದೋ. ಹೇಳಿದ್ದು ನಿಜ. ಅದು ಅವರೊಳಗೆ ನಿಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. ಹಠ, ಅಸಡ್ಡೆ, ನಾಟಕ ಎಂದು ಅರ್ಥ ಮಾಡಿಕೊಂಡು ಮಕ್ಕಳು ಸೊಸೆಯಂದಿರು ನೊಂದುಕೊಳ್ಳುತ್ತಾರೆ. ಗದರಿಸಿದ್ದು ಏಕೆಂದು ತಿಳಿಯದೆ ರೋಗಿಯೂ ನೋಯುತ್ತಾರೆ. ಕಾರಣ ಮರೆತುಹೋದರೂ ನೋವು ಉಳಿಯುತ್ತದೆ. ಕಾರ್ಯಸ್ಮೃತಿಯ ಲೆಕ್ಕ ಗೊತ್ತಿದ್ದರೆ ಮಾಡಬೇಕಾದದ್ದು ಸ್ಪಷ್ಟ. ‘ಸ್ನಾನ ಮಾಡಿ, ಆ ನೀಲಿ ಶರ್ಟು ಹಾಕಿಕೊಂಡು, ಮಾತ್ರೆ ತಗೊಂಡು ತಿಂಡಿಗೆ ಬನ್ನಿ ಅಪ್ಪ’ ಎಂಬುದರಲ್ಲಿ ನಾಲ್ಕು ಕೆಲಸಗಳಿವೆ. ‘ಅಪ್ಪ, ಸ್ನಾನಕ್ಕೆ ಬನ್ನಿ’ ಎಂದು ನಿಲ್ಲಿಸಿ. ಅದು ಮುಗಿದ ಮೇಲೆ ಶರ್ಟನ್ನು ಕೈಗೇ ಕೊಡಿ. ಮಾತಾಡಿಸುವಾಗ ಟಿ.ವಿ. ಆರಿಸಿ. ಒಬ್ಬರೇ ಮಾತಾಡಿ. ಅವರು ಮೆಟ್ಟಿಲು ಇಳಿಯುವಾಗ, ಬಚ್ಚಲಿಗೆ ನಡೆಯುವಾಗ ಏನನ್ನೂ ಕೇಳಬೇಡಿ. ನಡಿಗೆ ಮತ್ತು ಮಾತು ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದೆ ಬಿದ್ದು ಸೊಂಟ ಮುರಿದುಕೊಳ್ಳುವವರಿದ್ದಾರೆ. ‘ಯಾವ ಹಣ್ಣು ತಿಂತೀರ?’ ಎಂದು ಐದು ಹೆಸರು ಹೇಳುವ ಬದಲು ಎರಡು ಹಣ್ಣು ಕೈಯಲ್ಲಿ ಹಿಡಿದು ತೋರಿಸಿ.

ಕೈಗೂ ಬಾಯಿಗೂ ರೂಢಿಯಾದ ವಿದ್ಯೆ ಬೇರೆ ಜಾಲಗಳಲ್ಲಿ ಉಳಿದಿರುವುದರಿಂದ ಬಹುಕಾಲ ಬಾಳುತ್ತದೆ. ಹೂ ಕಟ್ಟುವುದು, ಅವರೆಕಾಳು ಬಿಡಿಸುವುದು, ಬಾಯಿಪಾಠದ ದೇವರನಾಮ ಹಾಡುವುದು ಸಾಧ್ಯವಿರುವಷ್ಟು ದಿನ ಆ ಕೆಲಸ ಅವರ ಪಾಲಿಗಿರಲಿ. ಮದುವೆ ಮನೆಯ ಗದ್ದಲಕ್ಕೆ ಕರೆದುಕೊಂಡು ಹೋಗಿ ‘ಇವರು ಯಾರು ಹೇಳಿ ನೋಡೋಣ’ ಎಂದು ಎಲ್ಲರೆದುರು ಪರೀಕ್ಷೆ ಮಾಡುವುದನ್ನು ಮಾತ್ರ ದಯವಿಟ್ಟು ಬಿಡಬೇಕು.

ಹೊಸ ಔಷಧಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮಿಲಾಯ್ಡ್ ಅನ್ನು ತೆಗೆದುಹಾಕುವ ಲೆಕನೆಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಆರಂಭದ ಹಂತದ ರೋಗಿಗಳಲ್ಲಿ 18 ತಿಂಗಳ ಪ್ರಯೋಗದಲ್ಲಿ ಕುಸಿತದ ವೇಗ ಶೇ 27ರಷ್ಟು ಕಡಿಮೆಯಾಯಿತು. 18 ಅಂಕಗಳ ಅಳತೆಗೋಲಿನಲ್ಲಿ ಆ ವ್ಯತ್ಯಾಸ ಅರ್ಧ ಅಂಕಕ್ಕಿಂತ ಕಡಿಮೆ. ಮಿದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವೂ ಇದೆ. ಗಟ್ಟಿ ತೆಗೆದ ಮಾತ್ರಕ್ಕೆ ಕಳಚಿದ ಕೊಂಡಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಬೇಗ ಗುರುತಿಸುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಔಷಧಿಗಿಂತ ಹತ್ತಿರದ ದಾರಿಯೂ ಇದೆ. ಕಿವುಡು, ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ ಸೇರಿದಂತೆ 14 ಅಪಾಯಗಳನ್ನು ಪೂರ್ತಿ ನಿವಾರಿಸಲಾದರೆ ಡಿಮೆನ್ಷಿಯಾದ ಶೇ 45ರಷ್ಟನ್ನು ತಡೆಯಲು ಇಲ್ಲವೇ ಮುಂದೂಡಲು ಸಾಧ್ಯವಾಗಬಹುದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜಿಸಿದೆ. ಕಿವಿ ಮಂದವಾದ ತಂದೆತಾಯಿಗೆ ಶ್ರವಣ ಸಾಧನ ಕೊಡಿಸುವುದನ್ನು ‘ಈ ವಯಸ್ಸಿನಲ್ಲಿ ಯಾಕೆ’ ಎಂದು ಮುಂದೂಡುವವರು ಇದನ್ನು ಯೋಚಿಸಬೇಕು.

ಯಾವ ಮರೆವಿಗೆ ವೈದ್ಯರು ಬೇಕು? ಹೆಸರು ನಾಲಿಗೆ ತುದಿಯಲ್ಲಿದ್ದು ಆಮೇಲೆ ನೆನಪಾಗುವುದು, ಕನ್ನಡಕ ಎಲ್ಲೋ ಇಟ್ಟು ಹುಡುಕುವುದು ವಯಸ್ಸಿನ ಸಹಜ ಮರೆವು. ನಲವತ್ತು ವರ್ಷ ಮಾಡಿಕೊಂಡು ಬಂದ ಸಾರಿನ ಲೆಕ್ಕ ನಡುವೆ ತಪ್ಪಿ ಎರಡು ಸಲ ಉಪ್ಪು ಬೀಳುವುದು, ಪರಿಚಿತ ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾಗದೆ ಪರ್ಸನ್ನೇ ಮುಂದೆ ಚಾಚುವುದು, ಇಬ್ಬರು ಒಟ್ಟಿಗೆ ಮಾತಾಡಿದರೆ ಸಿಟ್ಟಾಗಿ ಎದ್ದು ಹೋಗುವುದು ತಿಂಗಳುಗಟ್ಟಲೆ ನಡೆದು ಹೆಚ್ಚುತ್ತಿದ್ದರೆ ವೈದ್ಯರನ್ನು ಕಾಣಬೇಕು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು ಇದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ, ಮತ್ತು ಅವಕ್ಕೆ ಚಿಕಿತ್ಸೆ ಇದೆ. ಹೋಗುವಾಗ ‘ಮರೆವು’ ಎಂದಷ್ಟೇ ಹೇಳದೆ, ಯಾವ ಕೆಲಸ, ಎಷ್ಟು ಹಂತಗಳದ್ದು, ಎಲ್ಲಿ ತಪ್ಪಿತು, ಜೊತೆಗೆ ಆಗ ಇನ್ನೇನು ನಡೆಯುತ್ತಿತ್ತು, ಒಂದೇ ಕೆಲಸ ಕೊಟ್ಟರೆ ಸರಿಯಾಗಿ ಮಾಡುತ್ತಾರೆಯೇ, ಇದೆಲ್ಲ ಶುರುವಾದದ್ದು ಯಾವ ಹಬ್ಬದ ಸುಮಾರಿಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅವರ ಜೊತೆ ದಿನವಿಡೀ ಇರುವವರು ಯಾರೋ, ಅವರೇ ಹೋಗಲಿ.